ಗೋಡೆಗೆ ಮುಖ ಮಾಡಿ ಹಂಚಿದ ಗುಂಡಿಗಳು

ನಿನ್ನೆ ಮಗಳು ಹೆಡ್‌ಫೋನ್ ಕಿತ್ತೆಸೆದಳು. ಆನ್‌ಲೈನ್ ಆಟದಲ್ಲಿ ಅವಳ ಗಿಲ್ಡ್ ಎಂಬ ತಂಡದವರೆಲ್ಲ ಸೇರಿ ರಾಕ್ಷಸನನ್ನು ಕೊಂದರೆ, ಸಿಕ್ಕ ಕತ್ತಿಯನ್ನು ನಾಯಕನೇ ಇಟ್ಟುಕೊಂಡನಂತೆ.

ನನಗೆ ರಾಯದುರ್ಗದ ನಮ್ಮ ಪಡಸಾಲೆ ನೆನಪಾಯಿತು. ಅಮ್ಮ, ಚಿಗವ್ವ ಅಲ್ಲಿ ಜೀನ್ಸ್ ಹೊಲಿಯುತ್ತಿದ್ದರು. ಅವರ ಬೆರಳಿನ ನೀಲಿ ರೊಟ್ಟಿಗೂ ಹತ್ತುತ್ತಿತ್ತು. ನಾವು ಮಕ್ಕಳು ಹೆಚ್ಚುವರಿ ದಾರ ಕತ್ತರಿಸಿಕೊಟ್ಟರೆ, ಡೊಂಕಾದ ಹಿತ್ತಾಳೆ ಗುಂಡಿಗಳೆಲ್ಲ ನಮ್ಮವು. ಸಿಂಹದ ಮುಖವಿದ್ದ ಗುಂಡಿಯೊಂದು ಬಂದ ದಿನ ಕೈ ಕೈ ಮಿಲಾಯಿಸಿದೆವು.

"ಯಾವಾಗ್ಲೂ ಅಣ್ಣಗೇ ಚಲೋದು ಯಾಕ?" ಎಂದು ನಾನು ಅಳತೊಡಗಿದೆ.

ಅಜ್ಜಿ ಗುಂಡಿಗಳನ್ನು ಗುಡ್ಡೆ ಗುಡ್ಡೆಯಾಗಿ ಇಟ್ಟಳು. ಊರಲ್ಲಿ ಮಾಂಸದ ಪಾಲು ಹಾಕುವುದೂ ಹೀಗೆಯೇ.

"ಅಳೋರೇ ಹಂಚಬೇಕು. ಗ್ವಾಡಿ ಕಡೀಗೆ ಮಕ ಮಾಡಿ ನಿಂದ್ರು. ನಾ ಗುಡ್ಡೆ ಮುಟ್ತೀನಿ, ನೀ ಹೆಸ್ರು ಹೇಳು. ಇದು ಯಾರಿಗೆ?"

ಅಣ್ಣನ ಹೆಸರು ಕೂಗಿದೆ. ತಿರುಗಿ ನೋಡಿದರೆ ಸಿಂಹ ಅವನ ಅಂಗೈಯಲ್ಲಿತ್ತು. ಆದರೂ ಯಾಕೋ ಅಳು ಬರಲಿಲ್ಲ.

ಇದನ್ನೆಲ್ಲ ಮಗಳಿಗೆ ಹೇಳಿದ್ದೆ. ಇವತ್ತು ಸಂಜೆ ಅವಳ ಕೋಣೆಯಿಂದ "ಇದು ಯಾರಿಗೆ?" ಎಂದು ಅವಳು ಕೂಗುವುದು ಕೇಳಿಸಿತು. ಆಟದಲ್ಲಿ ಗೆದ್ದದ್ದನ್ನು ಹಂಚಲು ನಾಯಕ ಕಣ್ಣು ಮುಚ್ಚಿಕೊಂಡು ಹೆಸರು ಹೇಳುತ್ತಿದ್ದನಂತೆ.

"ಕತ್ತಿ ನಿನಗೆ ಬಂತೇನೇ?"

"ಇಲ್ಲಮ್ಮ. ಆದ್ರೆ ನಾಳೆನೂ ಎಲ್ರೂ ಆಡೋಕೆ ಬರ್ತಾರೆ."