ಉಮಾಶ್ರೀ ಒತ್ತಿದ ಗುಂಡಿ

ನಮ್ಮ ಉಮಾಶ್ರೀ ಮೈಯಾಗ ಹಿಡಿ ಮಾಂಸ ಇಲ್ಲ, ಸಿಟ್ಟು ಮಾತ್ರ ಮೂಗಿನ ತುದೀಗೆ. ನನ್ನ ಅಕ್ಕನ ಮಗಳು. ನಮ್ಮದು ಆಳಂದ ಕಡಿ ಮನಿತನ, ಆಕಿ ಹುಟ್ಟಿದ್ದು ಸಂಭಾಜಿನಗರದಾಗ. ಮಾತು ಕನ್ನಡ, ಬೈಗುಳ ಮರಾಠಿ. ಅಲ್ಲೀದೇ ಕಾರ್ಖಾನ್ಯಾಗ ತಗಡು ಬಡಿಯೋ ಪ್ರೆಸ್ ನಡೆಸಾಂವ ನಾನು, ಗೊಲ್ಲಾಳಪ್ಪ; ಅದರ ಪ್ರೋಗ್ರಾಮ್ ಬರಿಯೋಕಿ ಆಕಿ.

ಪ್ರೆಸ್ಸಿನ ಬಾಯಿಗೆ ಒಂದು ಜಾಳಿಗಿ ಗೇಟ್, ಅದು ತೆರೆದಿದ್ರ ಪ್ರೆಸ್ ಬಡಿಯಂಗಿಲ್ಲ. ಆ ಪ್ರೋಗ್ರಾಮಿನೊಳಗ ‘ಗೇಟ್ ಮುಚ್ಚೇದ’ ಅಂತ ಒಂದು ವೇರಿಯೇಬಲ್, ಹೌದು ಇಲ್ಲಾ ಅಲ್ಲ ಅಂತ ಬರದಿಡೋ ಖಾನೆ. ಅದನ್ನ ಆಕಿ ಪ್ರೈವೇಟ್ ಮಾಡಿಟ್ಟಿದ್ಳು. “ಹೊರಗಿನವರು ಕೇಳಬಹುದು ಮಾಮಾ, ಮುಟ್ಟಂಗಿಲ್ಲ. ಬದಲು ಮಾಡೋದು ಗೇಟಿನ ಸೆನ್ಸರ್ ಒಂದೇ,” ಅಂತಿದ್ಳು.

ಗೇಟ್ ತೆಗೆದಾಗೆಲ್ಲ ಪ್ರೆಸ್ ನಿಲ್ಲತದ, ಮಾಲು ಕಡಿಮಿ ಆಗ್ತದ ಅಂತ ಸೂಪರ್‌ವೈಸರ್ ಸುಧಾಕರಗ ಹೊಟ್ಟಿಉರಿ. “ಆ ಗೇಟಿನ ಕಟ್ಟು ಬಿಚ್ಚು” ಅಂದ. ಆಕಿ ಒಲ್ಲೆ ಅಂದ್ಳು. ನಟ್ಟು ಬಿಗಿಯೋ ಪಾನಾ ಬೀಸಿ ಒಗದ ಮುಂಡೇಮಗ, ಆಕಿ ಹುಬ್ಬು ಹರೀತು. ಆಕಿ ಅದೇ ಪಾನಾ ಎತ್ತಿ ಅವನ ಮೊಣಕಾಲಿಗೆ ಬಾರಿಸಿದ್ಳು.

ಆಕಿ ಕೆಲಸದ ಮ್ಯಾಲ ನಾಶಿಕಕ್ಕ ಹೋದಾಗ, ಸುಧಾಕರ ಬ್ಯಾರೆಯವರನ್ನ ಕರಸಿ ಆ ವೇರಿಯೇಬಲ್ ಯಾರು ಬೇಕಾದ್ರೂ ಮುಟ್ಟೋಹಂಗ ಪಬ್ಲಿಕ್ ಮಾಡಿಸಿ, ಸದಾ ‘ಮುಚ್ಚೇದ’ ಇರೋಹಂಗ ಹೊರಗಿಂದ ಬರೆಸಿದ. ನನಗೇನು ಗೊತ್ತು? ಸಿಕ್ಕಿಬಿದ್ದ ತಗಡು ಎಳಿಯಾಕ ಗೇಟ್ ತೆಗೆದು ಕೈ ಹಾಕಿದೆ. ಪ್ರೆಸ್ ನಿಲ್ಲಲಿಲ್ಲ. ಬಲಗೈ ಬೆರಳು ಹಿಟ್ಟಾದವು. ಯಪ್ಪಾ!

“ಕುಡಿದು ಕೈ ಹಾಕ್ಯಾನ, ತಪ್ಪು ಅವನದೇ,” ಅಂದ ಸುಧಾಕರ. ಮಾಲೀಕ ನಂಬಿದ. ಕೈಯೂ ಹೋತು, ನೌಕರಿ ಹೋತು, ಮ್ಯಾಲ ಕುಡುಕ ಅನ್ನೋ ಹೆಸರು ಬಂತು.

ನಾಶಿಕದಿಂದ ಬಂದಾಕಿ ಮುಂಜಾನಿ ಪ್ರೆಸ್ಸಿನ ಮುಂದ ಕೂತು ಏನೋ ಬರೆದ್ಳು. ಪಗಾರದ ಬಾಕಿ ಇಸಕೊಳ್ಳಾಕ ನಾನೂ ಅಲ್ಲಿ ಬಂದಿದ್ದೆ. ಆಮ್ಯಾಲ ಎಲ್ಲರೆದುರಿಗೆ, ಮಾಲೀಕನ ಎದುರಿಗೇ, ಸುಧಾಕರನ ಕೂದಲು ಹಿಡಿದು ಎಳಕೊಂಡು ಬಂದ್ಳು. ಗೇಟ್ ತೆಗೆದು ಅವನ ಕೈಯನ್ನ ಅಚ್ಚಿನ ಕೆಳಗ ತುರುಕಿದ್ಳು.

“ಗೇಟ್ ಮುಚ್ಚೇದ ಅಂತ ನೀವೇ ಬರದೀರಿ. ಅಂಜಿಕಿ ಯಾಕ್ರಿ ಸಾಹೇಬ್ರ?”

“ಬ್ಯಾಡವ್ವಾ! ಸುಳ್ಳು ಬರೆಸೀನಿ! ಗೊಲ್ಲಾಳಪ್ಪ ಕುಡಿದಿರಲಿಲ್ಲ!” ಅವನ ಚಡ್ಡಿ ಒದ್ದಿ ಆಗಿತ್ತು.

ಆಕಿ ಚಾಲೂ ಗುಂಡಿ ಒತ್ತೇಬಿಟ್ಳು.

ಪ್ರೆಸ್ ಅಳ್ಳಾಡಲಿಲ್ಲ. ಮುಂಜಾನಿಯೇ ಆಕಿ ಆ ವೇರಿಯೇಬಲ್ ಮತ್ತ ಪ್ರೈವೇಟ್ ಮಾಡಿದ್ಳು. ಗೇಟ್ ತೆರೆದದ ಅಂತ ಸೆನ್ಸರ್ ಖರೇ ಹೇಳಿತ್ತು.

ನನ್ನ ನೌಕರಿ ತಿರುಗಿ ಬಂತು, ಆಕೀದು ಹೋತು, ಮ್ಯಾಲ ಸುಧಾಕರ ಪೊಲೀಸರಿಗೆ ದೂರು ಕೊಟ್ಟ. ಆಕಿನ್ನ ಕರಕೊಂಡು ಠಾಣೆಯಿಂದ ಹೊರಗ ಬರುವಾಗ ಕೇಳಿದೆ, “ನೀ ಅದನ್ನ ಸರಿ ಮಾಡಿರಲಿಲ್ಲ ಅಂದ್ರ, ಗುಂಡಿ ಒತ್ತತಿದ್ದೇನ?”

ಪಟ್ಟಿ ಸುತ್ತಿದ ನನ್ನ ಕೈ ನೋಡಿದ್ಳು.

“ಅದಕ್ಕೇ ಮಾಮಾ, ಮೊದಲು ಸರಿ ಮಾಡಿ ಬಂದೆ.”