ಕಿವಿ ಮೇಸ್ತ್ರಿ ಹಾಕಿದ ಸಹಿ

ನಮ್ಮ ಬಸ್ ವರ್ಕ್‌ಶಾಪಿನ ಬ್ರೇಕ್ ಮೆಕ್ಯಾನಿಕನನ್ನು ಎಲ್ಲರೂ ಕಿವಿ ಮೇಸ್ತ್ರಿ ಎನ್ನುತ್ತಿದ್ದೆವು. ಎಂಜಿನ್ ಆರಿಸಿ, ಬಸ್ಸಿನ ಕೆಳಗೆ ಮಲಗಿ ಕಣ್ಣು ಮುಚ್ಚಿಕೊಂಡರೆ ಸಾಕು, ಗಾಳಿ ಎಲ್ಲಿ ಸೋರುತ್ತಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದ. ಹೆಂಡತಿ ಕರೆದಾಗ ಮಾತ್ರ ಆ ಕಿವಿಗೆ ಏನೂ ಕೇಳಿಸುವುದಿಲ್ಲ ಎಂದು ನಾವು ರೇಗಿಸುತ್ತಿದ್ದೆವು. ಚೆನ್ನಾಗಿರುವ ಸಾಮಾನನ್ನು ಬಿಸಾಡಲು ಅವನಿಗೆ ಕೈ ಬಾರದು. ಹಳೆಯ ನಟ್ಟನ್ನೂ ತೊಳೆದು ಒರೆಸಿ ಡಬ್ಬಿಗೆ ಹಾಕಿಡುತ್ತಿದ್ದ. ಸ್ಟೋರ್ ನೋಡಿಕೊಳ್ಳುವ ನನಗೆ ಅಂಥವನೆಂದರೆ ಪ್ರಾಣ.

ಒಮ್ಮೆ ಬಸ್ ತಯಾರಿಸಿದ ಕಂಪನಿಯಿಂದ ಪತ್ರ ಬಂತು. ಬ್ರೇಕಿಗೆ ಗಾಳಿ ಹಾಯಿಸುವ ವಾಲ್ವಿನಲ್ಲಿ ದೋಷವಿದೆ, ಚಳಿಗೆ ಒಳಗಿನ ರಬ್ಬರ್ ಗಟ್ಟಿಯಾಗಿ ಬ್ರೇಕ್ ತಡವಾಗಿ ಹಿಡಿಯಬಹುದು, ನೋಡಲು ಸರಿಯಿದ್ದರೂ ಎಲ್ಲವನ್ನೂ ಬದಲಿಸಿ ಎಂದಿತ್ತು. ನಮ್ಮ ಹನ್ನೊಂದು ಬಸ್ಸುಗಳಿಗೆ ಹನ್ನೊಂದು ಹೊಸ ವಾಲ್ವ್ ಬಂದವು. ಮೇಸ್ತ್ರಿ ಹತ್ತನ್ನು ಬದಲಿಸಿದ. ಹನ್ನೊಂದನೆಯದನ್ನು ಪೆಟ್ಟಿಗೆ ಒಡೆಯದೆ ನನ್ನ ಕೈಗೆ ತಂದುಕೊಟ್ಟ. ಆ ಬಸ್ಸಿನ ಸದ್ದು ಕೇಳಿದ್ದೇನೆ, ವಾಲ್ವ್ ಗಟ್ಟಿಮುಟ್ಟಾಗಿದೆ, ಇದು ಇರಲಿ, ಮುಂದೆ ಯಾವತ್ತಾದರೂ ಬೇಕಾಗುತ್ತದೆ ಎಂದ. ಕಂಪನಿಗೆ ಹೋಗುವ ಹಾಳೆಯಲ್ಲಿ ಮಾತ್ರ ಹನ್ನೊಂದನ್ನೂ ಬದಲಿಸಿದ್ದೇನೆ ಎಂದು ಸಹಿ ಹಾಕಿದ. ಒಂದು ಉಳಿಯಿತಲ್ಲ ಎಂದು ನಾನು ಖುಷಿಪಟ್ಟು ಒಳಗಿಟ್ಟೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಆ ಬಸ್ಸನ್ನು ಓಡಿಸುತ್ತಿದ್ದವರು ಮೇಸ್ತ್ರಿಯ ಅಕ್ಕನ ಗಂಡ. ಇಪ್ಪತ್ತಾರು ವರ್ಷದಲ್ಲಿ ಒಂದು ಗೀರೂ ಮಾಡಿದವರಲ್ಲ. ಚಳಿಗಾಲದ ಒಂದು ಬೆಳಿಗ್ಗೆ, ಮೊದಲ ಟ್ರಿಪ್ಪಿನಲ್ಲಿ, ಬಸ್ಸು ಇಳಿಜಾರಿನ ಕೊನೆಯಲ್ಲಿ ನಿಲ್ಲಬೇಕಾದ ಕಡೆ ನಿಲ್ಲದೆ ಗೋಡೆಗೆ ಗುದ್ದಿತು. ಅಲ್ಲಿ ಕಾಯುತ್ತಿದ್ದ ಹೆಂಗಸೊಬ್ಬರ ಕೈ ಮುರಿಯಿತು. ವಿಚಾರಣೆಗೆ ಬಂದವರು ಮಧ್ಯಾಹ್ನದ ಬಿಸಿಲಿನಲ್ಲಿ ಬ್ರೇಕ್ ಒತ್ತಿ ನೋಡಿದರು. ಸರಿಯಾಗಿಯೇ ಹಿಡಿಯಿತು. ಡ್ರೈವರನದೇ ತಪ್ಪು ಎಂದು ಅವರನ್ನು ಮನೆಗೆ ಕಳಿಸಿದರು.

ಆ ವಾರವೆಲ್ಲ ನಾನೂ ಮೇಸ್ತ್ರಿಯೂ ಮುಖ ಕೊಟ್ಟು ಮಾತಾಡಲಿಲ್ಲ. ಅವನೇ ಹೇಳಲಿ ಎಂದು ನಾನು, ನಾನೆಲ್ಲಿ ಬಾಯಿಬಿಡುತ್ತೇನೋ ಎಂದು ಅವನು. ಹೇಡಿತನಕ್ಕೆ ಬಹುಮಾನವಿದ್ದರೆ ಇಬ್ಬರೂ ಹಂಚಿಕೊಳ್ಳಬಹುದಿತ್ತು. ಭಾನುವಾರ ಅವನು ನನ್ನ ಮನೆ ಬಾಗಿಲಿಗೆ ಬಂದು, ಭಾವನ ಮನೆಗೆ ಹೋಗೋಣ, ಒಬ್ಬನೇ ಹೋಗಲು ಧೈರ್ಯವಿಲ್ಲ ಎಂದ.

ಭಾವ ನಡುಮನೆಯಲ್ಲಿ ಕುರ್ಚಿಯ ಮೇಲೆ ಕುಳಿತು ಬಲಗಾಲಿನಿಂದ ನೆಲ ಒತ್ತುತ್ತಿದ್ದರು. ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ವಾರದಿಂದ ಇದೇ ಕೆಲಸ ಎಂದು ಅಕ್ಕ ಪಿಸುಗುಟ್ಟಿದರು. ಭಾವ ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಬ್ರೇಕೇ ಹಿಡೀಲಿಲ್ಲ ಅಂತ ನಾನು ಮೊದಲು ವಾದ ಮಾಡ್ದೆ ಕಣೋ. ಆಮೇಲೆ ಅವರು ನಿನ್ನ ಸಹಿ ತೋರ್ಸಿದ್ರು. ನೀನೇ ಬದಲಾಯ್ಸಿದ್ದೀಯ ಅಂದ್ಮೇಲೆ ಮುಗೀತಲ್ಲ. ನನ್ನ ಕಾಲೇ ತಡ ಮಾಡಿರ್ಬೇಕು ಅಂತ ಬರ್ದುಕೊಟ್ಟು ಬಂದೆ."

ಮೇಸ್ತ್ರಿ ಪಕ್ಕದಿಂದ ಎದ್ದು ನಿಂತ. "ಭಾವ, ನಿಮ್ಮ ಬಸ್ಸಿಂದು ನಾನು ಬದಲಾಯ್ಸೇ ಇಲ್ಲ" ಎಂದ. ನನಗೂ ಗೊತ್ತಿತ್ತು ಎಂದು ನಾನೂ ಒಪ್ಪಿಕೊಂಡೆ. ನಾಳೆ ಇಬ್ಬರೂ ಹೋಗಿ ಇದನ್ನೇ ಬರೆದುಕೊಡುತ್ತೇವೆ ಎಂದೆವು. ಅಕ್ಕ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟರು. ಭಾವ ಎದ್ದು ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ನೆಲ ಒತ್ತುತ್ತಿದ್ದ ಪಾದವನ್ನು ನಿಲ್ಲಿಸಿ ಅದನ್ನೇ ನೋಡಿದರು.

"ಹಾಗಾದ್ರೆ ನನ್ನ ಕಾಲು ತಡ ಮಾಡ್ಲಿಲ್ವಾ?"

"ಇಲ್ಲ ಭಾವ."

"ಇನ್ನೊಂದ್ಸಲ ಹೇಳು" ಎಂದರು.