ಹಿತ್ತಲ ಓಣಿಯಿಂದ ಕಂಡ ಮನೆ

ರೈಲು ಡ್ರೈವರುಗಳನ್ನು ನಿದ್ದೆಯಿಂದ ಎಬ್ಬಿಸಿ ಕೆಲಸಕ್ಕೆ ಕಳಿಸುವುದೇ ಅವನ ನೌಕರಿಯಾಗಿತ್ತು. ಊರೆಲ್ಲ ಕಾಲ್‌ಮ್ಯಾನ್ ಎಂದು ಕರೆಯುತ್ತಿತ್ತು. ಮನೆಮನೆಗೆ ಫೋನ್ ಬಂದ ಮೇಲೆ ಹುದ್ದೆ ಹೋಯಿತು, ಹೆಸರು ಮಾತ್ರ ಉಳಿಯಿತು. ಕಲ್ಲಿದ್ದಲು ರಾಶಿ ಹಾಕುತ್ತಿದ್ದ ಅಂಗಳದಲ್ಲಿ ಈಗ ಬಸ್ ನಿಲ್ದಾಣವಿದೆ. ನೌಕರರು ಇಸ್ಪೀಟಾಡುತ್ತಿದ್ದ ಕ್ಲಬ್ಬಿನಲ್ಲಿ ಸೋಫಾ ಮಾರುತ್ತಾರೆ. ಅವನ ಸದ್ದಿಗೆ ಎದ್ದವರೆಲ್ಲ ಒಬ್ಬೊಬ್ಬರಾಗಿ ಕಣ್ಮುಚ್ಚಿದ್ದರು, ಹೆಂಡತಿಯೂ.

ಹನ್ನೆರಡು ಕ್ವಾರ್ಟರ್ಸುಗಳ ಒಂದೇ ಸಾಲು ಉಳಿದಿತ್ತು. ಅದನ್ನೂ ಕೆಡವಿ, ಕೊನೆಯ ಉಗಿಬಂಡಿ ಓಡಿಸಿದ ಡ್ರೈವರನ ಮನೆಯೊಂದನ್ನು ಮಾತ್ರ ನೆನಪಿಗೆ ಉಳಿಸಲು ನಗರಸಭೆ ನಿರ್ಧರಿಸಿತು. ಹಳೆಯ ದಾಖಲೆಗಳನ್ನು ಗೆದ್ದಲು ತಿಂದಿತ್ತು. ನಗರಸಭೆಯ ಇಂಜಿನಿಯರ್ ಯುವತಿ ಕಾಲ್‌ಮ್ಯಾನನನ್ನು ಬೀದಿಗೆ ಕರೆತಂದು ಆ ಮನೆ ಯಾವುದೆಂದು ಕೇಳಿದಳು. ಎಡಗಡೆಯಿಂದ ಮೂರನೆಯದಕ್ಕೆ ಅವನು ಕೈ ತೋರಿಸಿದ. ಅದರ ಬಾಗಿಲ ಮೇಲೆ ಉಳಿಸಬೇಕೆಂಬ ಬಿಳಿ ಗುರುತು ಬಿತ್ತು.

ಮನೆಗೆ ಬಂದು ಊಟಕ್ಕೆ ಕೂತಾಗ ಅವನಿಗೆ ತಪ್ಪು ಹೊಳೆಯಿತು. ಮೂವತ್ತೊಂದು ವರ್ಷ ಅವನು ಆ ಸಾಲನ್ನು ನೋಡಿದ್ದು ಹಿತ್ತಲ ಓಣಿಯಿಂದ. ಡ್ರೈವರುಗಳು ಮಲಗುತ್ತಿದ್ದುದು ಹಿಂದಿನ ಕೋಣೆಯಲ್ಲಿ. ಅಲ್ಲಿ ನಿಂತು ಎಣಿಸಿದರೆ ಎಡದಿಂದ ಮೂರನೆಯದು, ಬೀದಿಯಿಂದ ಎಣಿಸಿದರೆ ಹತ್ತನೆಯದು. ಅವನ ಬೆರಳಿನಿಂದಾಗಿ ಯಾರದೋ ಮನೆ ಉಳಿದು, ಆ ಡ್ರೈವರನ ಮನೆ ನೆಲಸಮವಾಗುವುದರಲ್ಲಿತ್ತು.

ಮರುದಿನ ಕಚೇರಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತ.

“ತಾತ, ನಿನ್ನೆ ಮೂರು ಅಂದ್ರಿ, ಇವತ್ತು ಹತ್ತು ಅಂತೀರಿ. ನಾಳೆ ಹದಿಮೂರು ಅನ್ನಲ್ಲ ತಾನೆ?” ಎಂದಳು ಆಕೆ.

“ಬೈಯಮ್ಮ, ತಪ್ಪು ನಂದೇ. ಆದ್ರೆ ನನ್ನ ಮಾತು ನಂಬಬೇಡ. ಹಿಂದಗಡೆ ಬಂದು ಕಿಟಕಿ ನೋಡು.”

ಹನ್ನೊಂದು ಕಿಟಕಿಗಳ ಚೌಕಟ್ಟಿನಲ್ಲಿ ಗೀರುಗಳಷ್ಟೇ ಇದ್ದವು. ಅವನು ಹೇಳಿದ ಮನೆಯ ಚೌಕಟ್ಟಿನ ಮೂಲೆಯಲ್ಲಿ ಹೆಬ್ಬೆರಳು ಹುದುಗುವಷ್ಟು ಗುಳಿ.

“ಬೇರೆಯೋರಿಗೆ ಎರಡೇಟು ಸಾಕಿತ್ತು. ಈ ಪುಣ್ಯಾತ್ಮಂದು ಕುಂಭಕರ್ಣನ ನಿದ್ದೆ. ಕೋಲಲ್ಲಿ ಕುಟ್ಟಿ ಕುಟ್ಟಿ ನನ್ನ ಕೈ ಬಿದ್ದುಹೋಗೋದು!”

ಆಕೆ ಗುಳಿಯಲ್ಲಿ ಬೆರಳಿಟ್ಟು ನೋಡಿದಳು. ಉಳಿದ ಕಿಟಕಿಗಳನ್ನು ಇನ್ನೊಮ್ಮೆ ಪರೀಕ್ಷಿಸಿದಳು. ಮಧ್ಯಾಹ್ನದೊಳಗೆ ಬಿಳಿ ಗುರುತು ಹತ್ತನೆಯ ಬಾಗಿಲಿಗೆ ಬಂತು. ತುಕ್ಕು ಹಿಡಿದ ಬೀಗ ಒಡೆದರು. ಅವನು ಚಪ್ಪಲಿ ಬಿಟ್ಟು ಆಕೆಯ ಹಿಂದೆ ಒಳಗೆ ಕಾಲಿಟ್ಟ.

“ಎಲ್ಲ ಅವರಿದ್ದಾಗ ಇದ್ದ ಹಾಗೇ ಜೋಡಿಸ್ಬೇಕು, ತಾತ. ಮಂಚ ಯಾವ ಗೋಡೆ ಕಡೆಗಿತ್ತು?” ಆಕೆ ಪುಸ್ತಕ ತೆರೆದಳು.

ಅವನು ನಾಲ್ಕೂ ಗೋಡೆಗಳನ್ನು ನೋಡಿದ. ಮುಚ್ಚಿದ ಕಿಟಕಿಯಾಚೆಯಿಂದ ಅವನಿಗೆ ಕೇಳುತ್ತಿದ್ದುದು ಒಂದು ಕೆಮ್ಮು, ಆಮೇಲೆ “ಬಂದೆ, ಬಂದೆ” ಎಂಬ ಗೊಣಗಾಟ, ಅಷ್ಟೆ.

“ಗೊತ್ತಿಲ್ಲಮ್ಮ,” ಎಂದ. “ನಾನು ಒಳಗೆ ಬರ್ತಿರೋದು ಇದೇ ಮೊದಲು.”

ಆಕೆ ಪುಸ್ತಕದಲ್ಲಿ ‘ಮಂಚ’ ಎಂದಿದ್ದ ಸಾಲನ್ನು ಖಾಲಿ ಬಿಟ್ಟಳು.